ಸಹಾಯ ಬೇಕು: ಕೋಲಾರದಲ್ಲಿ ಕಂಟಿನ್ಯುಟಿ (ಟೇಕಿನಿಂದ ಟೇಕಿಗೆ ಎಲ್ಲವೂ ಹೊಂದುವಂತೆ) ನೋಡಿಕೊಳ್ಳುವವರು

ಗೆಳೆಯರೇ, ನಮ್ಮದು ಮೂರು ಕಥೆಗಳ ಕ್ರೈಂ ಸಿನಿಮಾ, ನಗಿಸುತ್ತಲೇ ಹೆದರಿಸುವಂಥದ್ದು. ಕೋಲಾರ ಎಪಿಎಂಸಿಯ ಟೊಮೆಟೊ ಹರಾಜಿನಲ್ಲಿ ಹಣ ಬಚ್ಚಿಟ್ಟ ಕ್ರೇಟು ಕೈತಪ್ಪಿ ಬೀಳುತ್ತದೆ. ಹಮಾಲಿ, ಮಂಡಿ ರೈಟರು, ಬಡ್ಡಿ ಸಾಹುಕಾರ, ಈ ಮೂವರ ಕಥೆಯೂ ಕೂಡುವುದು ಅಲ್ಲೇ. ಅದೇ ಕ್ಷಣ ಮೂವರ ಕಣ್ಣಿಂದ ಮೂರು ಸಲ ಬರಬೇಕು.

ಬೇರೆ ಬೇರೆ ದಿನ ತೆಗೆದರೆ ಕೆಡುತ್ತದೆ: ಹಣ್ಣಿನ ಬಣ್ಣ ತಿರುಗುತ್ತದೆ, ನೆರಳು ಜರುಗುತ್ತದೆ. ಹಾಗಾಗಿ ಮೂರು ಕ್ಯಾಮೆರಾ ಒಟ್ಟಿಗೆ ಓಡಬೇಕು, ಮೂರಕ್ಕೂ ಹೊಂದಿಸಲು ಒಂದೇ ಕ್ಲಾಪು. ಮೂರರಲ್ಲಿ ಒಂದು ಮೊಬೈಲು, ಅದರ ಫ್ರೇಮ್ ರೇಟು (ಸೆಕೆಂಡಿಗೆ ತೆಗೆಯುವ ಚಿತ್ರಗಳ ಸಂಖ್ಯೆ) ಏರಿಳಿದರೆ ಮಾತು ತುಟಿಗೆ ಕೂರುವುದಿಲ್ಲ. ಎಲ್ಲವನ್ನೂ ಸೆಕೆಂಡಿಗೆ 25 ಫ್ರೇಮಿಗೆ ಲಾಕ್ ಮಾಡಿ, ಶಟರ್ 1/50 ಸೆಕೆಂಡು ಇಡುತ್ತೇವೆ. ನಮ್ಮ ಕರೆಂಟು 50 ಹರ್ಟ್ಸ್, ಹೀಗಿಟ್ಟರೆ ಮಂಡಿಯ ಟ್ಯೂಬ್‌ಲೈಟು ಚಿತ್ರದಲ್ಲಿ ಮಿನುಗದು. ರಸ ಚೆಲ್ಲಿದ ಅಂಗಿ ಮರುಟೇಕಿಗೆ ಬಾರದು, ಒಬ್ಬೊಬ್ಬರಿಗೂ ಒಂದೇ ಥರದ 3 ಅಂಗಿ ಹೊಲಿಸಿದ್ದೇವೆ.

ನೋಟಿನ ಕಟ್ಟು: ಮೇಲೆ ಕೆಳಗೆ ಅಸಲಿ 500, ನಡುವೆ 66×150 ಮಿ.ಮೀ. ಖಾಲಿ ಹಾಳೆ. ನೋಟು ಹೋಲುವ ಕಾಗದ ಅಚ್ಚು ಹಾಕಿಸುವುದು ಅಪರಾಧ, ಅದನ್ನು ಯಾರೂ ಸಲಹೆ ಮಾಡಬೇಡಿ.

ಬೇಕಿರುವುದು ಇಬ್ಬರು. ಒಬ್ಬರು ಪ್ರತಿ ಟೇಕಾದ ಮೇಲೆ ಫೋಟೊ ತೆಗೆದು ಕ್ರೇಟು ಯಾವ ಕೈಲಿತ್ತು, ತೋಳು ಎಷ್ಟು ಮಡಿಚಿತ್ತು ಎಂದು ಬರೆದಿಡಬೇಕು; ತಾಳ್ಮೆ ಮುಖ್ಯ, ಅನುಭವ ಆಮೇಲೆ. ಇನ್ನೊಬ್ಬರು ಹರಾಜು ಕೂಗುವ ಮಾತನ್ನು ತಿದ್ದಿಕೊಡುವ ಮಂಡಿಯವರು. ಇಬ್ಬರಿಗೂ ಸಂಬಳ, ಊಟ ಇದೆ. ಕೆಳಗೆ ಬರೆಯಿರಿ.