ಟೆಸರಾಕ್ಟ್ ಸೋರ್ಸ್‌ನಿಂದ ಕಂಪೈಲ್ ಮಾಡಲಾ, ಆಪ್ಟ್‌ನಲ್ಲಿ ಸಿಗುವುದೇ ಸಾಕಾ?

ತೆಂಕುತಿಟ್ಟು:
ನಮ್ಮಜ್ಜ ಮದ್ದಲೆಗಾರರು. ಅವರು ಬಿಟ್ಟುಹೋದ ಯಕ್ಷಗಾನ ಪ್ರಸಂಗಗಳನ್ನು ಸ್ಕ್ಯಾನ್ ಮಾಡಿ ಟೈಪಾದ ಅಕ್ಷರಕ್ಕೆ ತರುತ್ತಿದ್ದೇನೆ. ಒಟ್ಟು 212 ಪುಟ. ಹಾಳೆ ಮುಟ್ಟಿದರೆ ಪುಡಿಯಾಗುತ್ತದೆ, ಇನ್ನೊಮ್ಮೆ ಸ್ಕ್ಯಾನ್ ಮಾಡುವ ಮಾತಿಲ್ಲ. ಚಿತ್ರದೊಳಗಿನ ಅಕ್ಷರ ಓದುವ ಸಾಫ್ಟ್‌ವೇರ್ ಟೆಸರಾಕ್ಟ್. ಉಬುಂಟು 22.04 ಲಿನಕ್ಸ್‌ನಲ್ಲಿ ಅದನ್ನು ಆಪ್ಟ್‌ನಿಂದ, ಅಂದರೆ ಸಿದ್ಧ ಪ್ಯಾಕೇಜ್ ಹಾಕುವ ಸಾಧನದಿಂದ, ಹಾಕಿಕೊಂಡೆ, ಕನ್ನಡದ ಪ್ಯಾಕೇಜೂ ಸೇರಿ. ಬಂದದ್ದು 4.1.1. ಅರ್ಕಾವೊತ್ತು ಇದ್ದಲ್ಲೆಲ್ಲ ಎಡವುತ್ತಿದೆ. ‘ಅರ್ಜುನ’ ಹೋಗಿ ‘ಅಜು೯ನ’ ಆಗಿದೆ. ಒತ್ತಿನ ಜಾಗದಲ್ಲಿ ಒಂಬತ್ತರ ಅಂಕಿ!

5ನೇ ಆವೃತ್ತಿ ಬೇಕು, ಸೋರ್ಸ್‌ನಿಂದ (ಮೂಲ ಕೋಡ್‌ನಿಂದ) ನೀನೇ ಕಂಪೈಲ್ ಮಾಡು ಅಂತ ಗೆಳೆಯ ಹೇಳಿದ. ನಿನ್ನೆ ಸಂಜೆಯೆಲ್ಲ ಕೂತೆ. ಟೆಸರಾಕ್ಟ್‌ಗೆ ಬೇಕಾದ ಚಿತ್ರದ ಲೈಬ್ರರಿ ಲೆಪ್ಟೋನಿಕಾ ಇಲ್ಲ ಅಂತ, ಕಂಪೈಲ್‌ಗೂ ಮೊದಲಿನ ಕಾನ್ಫಿಗರ್ ಹಂತದಲ್ಲೇ ನಿಂತಿತು, ಅದನ್ನೂ ಹಾಕಿದೆ. ಅಂತೂ ಸುಡೋ (ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಕಮಾಂಡ್) ಮೇಕ್ ಇನ್‌ಸ್ಟಾಲ್ ಮುಗಿಯಿತು. ಈಗ ಓಡಿಸಿದರೆ /ಯುಎಸ್‌ಆರ್/ಲೋಕಲ್/ಶೇರ್/ಟೆಸ್‌ಡೇಟಾದಲ್ಲಿ ಕನ್ನಡದ ಫೈಲ್ ಸಿಗಲಿಲ್ಲ ಅಂತ ಎರರ್. ಮುಂದುವರಿಸಲಾ, ಆಪ್ಟ್‌ಗೇ ವಾಪಸ್ ಹೋಗಲಾ?

ಅಚ್ಚುಮೊಳೆ:
ಗಾಬರಿ ಬೇಡ. ಈಗ ನಿಮ್ಮಲ್ಲಿ ಎರಡು ಟೆಸರಾಕ್ಟ್ ಇವೆ. ಆಪ್ಟ್ ಹಾಕಿದ್ದು /ಯುಎಸ್‌ಆರ್/ಬಿನ್‌ನಲ್ಲಿ, ನೀವು ಕಂಪೈಲ್ ಮಾಡಿದ್ದು /ಯುಎಸ್‌ಆರ್/ಲೋಕಲ್/ಬಿನ್‌ನಲ್ಲಿ. ನಾವು ಕಮಾಂಡ್ ಕೊಡುವ ಶೆಲ್ ಮೊದಲು ಲೋಕಲ್ ಕಡೆ ನೋಡುತ್ತದೆ. ಆಪ್ಟ್ ಇಟ್ಟ ಕನ್ನಡದ ಫೈಲ್ ಎಲ್ಲಿದೆ ಅಂತ ಹೊಸದಕ್ಕೆ ಗೊತ್ತಿಲ್ಲ, ಅಷ್ಟೇ. ‘ಟೈಪ್ -ಎ ಟೆಸರಾಕ್ಟ್’ ಕೊಟ್ಟು ನೋಡಿ, ಎರಡೂ ಕಾಣುತ್ತವೆ.

ಆದರೆ ನಿಮ್ಮ ತೊಂದರೆಗೆ ಕಂಪೈಲ್ ಮಾಡುವುದು ಮದ್ದಲ್ಲ. ಅಕ್ಷರ ಗುರುತಿಸುವ ಕಲಿಕೆಯೆಲ್ಲ ಇರುವುದು ಆ ಕನ್ನಡದ ಫೈಲಿನೊಳಗೆ, ಅದಕ್ಕೆ ಟ್ರೇನ್ಡ್‌ಡೇಟಾ ಅಂತಾರೆ. ಆಪ್ಟ್ ಕೊಡುವುದು ‘ಫಾಸ್ಟ್’ ಫೈಲ್. ಚಿಕ್ಕದು, ಬೇಗ ಓಡುತ್ತದೆ. ಟೆಸರಾಕ್ಟ್‌ನವರು ಕೋಡ್ ಇಟ್ಟಿರುವ ಗಿಟ್‌ಹಬ್ ತಾಣದಲ್ಲೇ ‘ಬೆಸ್ಟ್’ ಅಂತ ಇನ್ನೊಂದಿದೆ. ನಿಧಾನ, ಆದರೆ ತಪ್ಪು ಕಡಿಮೆ. ನಿಮ್ಮ 4.1.1 ಅದನ್ನೂ ಓದುತ್ತದೆ. ಕನ್ನಡದ್ದೊಂದೇ ಇಳಿಸಿಕೊಂಡು ಹೋಮ್ ಫೋಲ್ಡರ್‌ನಲ್ಲಿಡಿ, ‘--ಟೆಸ್‌ಡೇಟಾ-ಡಿರ್’ ಜೊತೆ ಆ ಜಾಗ ಕೊಡಿ.

ಸೋರ್ಸ್ ಫೋಲ್ಡರ್ ಅಳಿಸಿಲ್ಲ ಅಲ್ವಾ? ಅದರೊಳಗೆ ಹೋಗಿ ಸುಡೋ ಮೇಕ್ ಅನ್‌ಇನ್‌ಸ್ಟಾಲ್ ಕೊಡಿ. ನಾನೊಮ್ಮೆ ಡಿಸ್ಕ್‌ನಲ್ಲಿ ಜಾಗ ಸಾಲದೆ ಅಳಿಸಿಬಿಟ್ಟಿದ್ದೆ. ಲೋಕಲ್‌ನಲ್ಲಿ ಚೆಲ್ಲಿದ್ದ ಫೈಲ್‌ಗಳನ್ನು ಒಂದೊಂದಾಗಿ ಹುಡುಕಿ ತೆಗೆಯಲು ಇಡೀ ಭಾನುವಾರ ಹೋಯಿತು.

ಘಟಪ್ರಭಾ:
ಹಾಗಂತ ಕಂಪೈಲ್ ಮಾಡುವುದೇ ಬೇಡ ಅನ್ನಬೇಡಿ. ನಮ್ಮ ಲ್ಯಾಬ್‌ನ ಹಳೇ ಸರ್ವರ್‌ನಲ್ಲಿ ನಮಗೆ ಸುಡೋ ಇಲ್ಲ. ಅಲ್ಲಿ ನಾನು ಕಾನ್ಫಿಗರ್‌ಗೆ, ಎಲ್ಲಿ ಹಾಕಬೇಕು ಅಂತ ಹೇಳುವ ‘--ಪ್ರಿಫಿಕ್ಸ್’ ಕೊಟ್ಟು ನನ್ನ ಹೋಮ್‌ನೊಳಗೆ ಒಂದು ಬೇರೆ ಫೋಲ್ಡರ್‌ಗೆ ಹಾಕಿಕೊಂಡೆ. ಬೇಡವಾದ ದಿನ ಆ ಫೋಲ್ಡರ್ ಅಳಿಸಿದರಾಯಿತು. ಸುಮ್ನೆ ಸ್ಪೀಡ್ ಜಾಸ್ತಿ ಆಗಲಿ ಅಂತ ಮಾತ್ರ ಮಾಡಬೇಡಿ. ಪ್ರೊಸೆಸರ್‌ನಲ್ಲಿ ಲೆಕ್ಕ ಬೇಗ ಮುಗಿಸುವ ಎವಿಎಕ್ಸ್ ಸೌಲಭ್ಯ ಇದೆಯಾ ಅಂತ ಟೆಸರಾಕ್ಟ್ ಓಡುವಾಗ ತಾನೇ ನೋಡಿಕೊಳ್ಳುತ್ತದೆ.

ಅಚ್ಚುಮೊಳೆ:
ಸುಡೋ ಇಲ್ಲದಿದ್ದರೆ ನೀವು ಹೇಳಿದ್ದೇ ಸರಿ. ನನ್ನ ಚಿಂತೆ ಅಪ್‌ಡೇಟ್‌ನದ್ದು. ಆಪ್ಟ್‌ನಿಂದ ಹಾಕಿದ್ದಕ್ಕೆ ತೇಪೆ ಬಂದರೆ ಅಪ್‌ಗ್ರೇಡ್‌ನಲ್ಲೇ ಬರುತ್ತದೆ. ನಾವೇ ಕಂಪೈಲ್ ಮಾಡಿದ್ದನ್ನು ನಾವೇ ನೆನಪಿಟ್ಟು ಮತ್ತೆ ಮಾಡಬೇಕು. ಅಜ್ಜನ ಪುಸ್ತಕ ಮುಂದಿಟ್ಟುಕೊಂಡವರಿಗೆ ಆ ಕೆಲಸ ಯಾಕೆ ಹಚ್ಚಬೇಕು?

ತೆಂಕುತಿಟ್ಟು:
ಅನ್‌ಇನ್‌ಸ್ಟಾಲ್ ಆಯಿತು. ಆಪ್ಟ್‌ನ 4.1.1ಕ್ಕೇ ‘ಬೆಸ್ಟ್’ ಫೈಲ್ ಕೊಟ್ಟೆ. 17ನೇ ಪುಟದಲ್ಲಿ ‘ಅರ್ಜುನ’ ಏಳು ಸಲ ಇದೆ. ಆರು ಸರಿ ಬಂತು! ಏಳನೆಯದರ ಮೇಲೆ ಮಸಿ ಹರಡಿದೆ, ಅದನ್ನು ಕೈಯಲ್ಲೇ ತಿದ್ದಿದೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಉಳಿದ ಪುಟ ರಾತ್ರಿ ಓಡಲು ಬಿಟ್ಟಿದ್ದೇನೆ.