ಭೀಮಾ ತೀರದವರು ಅಂದ ಕೂಡಲೇ ಜನ ಯಾಕೆ ಹಿಂದೆ ಸರೀತಾರೆ?

ಚಡಚಣದವಳು (ವಾಕಡ್, ಪುಣೆ) ಕೇಳಿದ್ದು:

ನಮ್ಮ ತಮ್ಮನಿಗೆ ಹೆಣ್ಣು ನೋಡುತ್ತಿದ್ದೇವೆ. ಅವನಿಗೆ ಹಿಂಜವಡಿಯಲ್ಲಿ ಕೆಲಸ. ಹೋದ ತಿಂಗಳು ನಿಗಡಿಯಿಂದ ಒಂದು ಸಂಬಂಧ ಬಂತು. ಮೂಲ ದಾವಣಗೆರೆಯವರು, ಇಲ್ಲಿಗೆ ಬಂದು ಬಹಳ ವರ್ಷ ಆಯಿತಂತೆ. ಜಾತಕ ಕೂಡಿತು, ಫೋಟೊನೂ ಒಪ್ಪಿಗೆ ಆಯಿತು. ಆಮೇಲೆ ಹುಡುಗಿ ಅಪ್ಪ ಫೋನ್ ಮಾಡಿ ಊರು ಯಾವುದು ಅಂತ ಕೇಳಿದರು. ವಿಜಯಪುರ ಜಿಲ್ಲೆಯ ಚಡಚಣ ಹತ್ತಿರ ಅಂದೆ. ‘ಓಹೋ, ಭೀಮಾ ತೀರದವರಾ? ಮನೆತನದಲ್ಲಿ ಹಳೇ ಹಗೆ-ಗಿಗೆ ಏನೂ ಇಲ್ಲ ತಾನೇ?’ ಅಂದರು. ನಗುತ್ತಾನೇ ಕೇಳಿದರು. ಆದರೆ ಅದಾದ ಮೇಲೆ ಅವರ ಫೋನ್ ಬರಲಿಲ್ಲ.

ನಮ್ಮಪ್ಪ ಕನ್ನಡ ಶಾಲೆ ಮಾಸ್ತರರಾಗಿ ರಿಟೈರ್ ಆದವರು. ಈಗ ನಿಂಬೆ ತೋಟ ನೋಡಿಕೊಂಡಿದ್ದಾರೆ. ಅವರು ದನಿ ಎತ್ತರಿಸೋದು ಕರೆಂಟ್ ಕೊಡುವ ಪಾಳಿ ಬದಲಾದಾಗ ಮಾತ್ರ. ಅದೂ ಲೈನ್‌ಮನ್ ಮೇಲೆ.

ಇನ್ನೊಂದು ತಮಾಷೆ ಕೇಳಿ. ಇಲ್ಲಿನ ಮರಾಠಿ ಜನರಿಗೆ ಈ ‘ಭೀಮಾ ತೀರ’ದ ಕಥೆ ಗೊತ್ತೇ ಇಲ್ಲ. ಅವರಿಗೆ ನಮ್ಮ ಬಗ್ಗೆ ಬೇರೆಯೇ ಕಥೆ ಇದೆ. ಮನೆ ಮಾಲೀಕರಾದ ಕಾಕಾಗೆ ವಿಜಾಪುರ ಅಂದ ಕೂಡಲೇ ನೆನಪಾಗಿದ್ದು ಶಿವಾಜಿ ಕೊಂದ ವಿಜಾಪುರದ ಸರದಾರ ಅಫಜಲ್ ಖಾನ್! ನಾಲ್ಕನೇ ಕ್ಲಾಸಿನಲ್ಲಿ ಓದಿದ ಶಿವಾಜಿ ಪಾಠ. 1659ರಲ್ಲಿ ಪ್ರತಾಪಗಡದಲ್ಲಿ ಮುಗಿದು ಹೋದ ಲೆಕ್ಕಕ್ಕೆ ನಾನು ಡಿಪಾಜಿಟ್ ಚೆಕ್ ಬರೆಯುತ್ತಾ ನಗಬೇಕಾಯಿತು. ಅದೇ ಕಾಕಾ ಪ್ರತಿ ವರ್ಷ ದತ್ತ ದರ್ಶನಕ್ಕೆ ಗಾಣಗಾಪುರಕ್ಕೆ ಹೋಗುತ್ತಾರೆ, ವಿಠ್ಠಲನ ದರ್ಶನಕ್ಕೆ ಪಂಢರಪುರಕ್ಕೆ. ಎರಡೂ ಭೀಮೆಯ ದಂಡೆಯೇ. ಪಂಢರಪುರದಲ್ಲಿ ಅವಳನ್ನು ಚಂದ್ರಭಾಗಾ ಅಂತ ಕರೆದು ಕೈ ಮುಗೀತಾರೆ. ಹೊಳೆ ಹುಟ್ಟೋದೇ ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ. ಈ ಊರಿನ ಮುಳಾ-ಮುಠಾ ನೀರೂ ದೌಂಡ್ ಕಡೆ ಹರಿದು ಅದಕ್ಕೇ ಸೇರುತ್ತೆ. ಹಾಗೆ ನೋಡಿದರೆ ನಿಗಡಿಯವರೂ ಭೀಮಾ ತೀರದವರೇ ಅಲ್ವಾ?

ನಮ್ಮ ಸೋದರಮಾವ ಹೇಳೋದು, ಬಯೋಡಾಟಾದಲ್ಲಿ ‘ಸೋಲಾಪುರ ಹತ್ತಿರ’ ಅಂತ ಹಾಕಿಬಿಡು ಅಂತ. ಸುಳ್ಳೂ ಅಲ್ಲ, ನಮಗೆ ವಿಜಯಪುರಕ್ಕಿಂತ ಸೋಲಾಪುರವೇ ಹತ್ತಿರ. ಆದರೂ ಮನಸ್ಸು ಒಪ್ಪುತ್ತಿಲ್ಲ. ಒಂದು ಸೀಮೆಗೆ ಇಂಥ ಹೆಸರು ಅಂಟೋದು ಹೇಗೆ? ಗೊತ್ತಿದ್ದವರು ಹೇಳಿ.

ನೇರಮಾತು (ಥಾಣೆ):

ಬೇಜಾರು ಮಾಡ್ಕೋಬೇಡಿ. ಬೆಂಕಿ ಇಲ್ಲದೆ ಹೊಗೆ ಆಡಲ್ಲ. ನಿಮ್ಮ ಕಡೆ ಕಂಟ್ರಿ ಪಿಸ್ತೂಲ್ ಸಿಕ್ಕ ಸುದ್ದಿ ನಾನೇ ಎಷ್ಟೋ ಸಲ ಓದಿದ್ದೇನೆ. ಕೊಲೆಗಳೂ ಆಗಿವೆ. ಹೆಣ್ಣು ಹೆತ್ತವರು ಎರಡು ಮಾತು ಕೇಳಿದರೆ ಅದರಲ್ಲಿ ತಪ್ಪೇನು? ನಾನಾದರೂ ಕೇಳುತ್ತಿದ್ದೆ.

ಪುಟ ಕಟ್ಟುವವ (ಡೊಂಬಿವಲಿ):

ನಾನು ಕನ್ನಡ ಪತ್ರಿಕೆಯಲ್ಲಿ ಡೆಸ್ಕ್ ಕೆಲಸ ಮಾಡಿದವನು. ಮೊದಲು ಕರ್ನಾಟಕದಲ್ಲಿ, ಆಮೇಲೆ ಮುಂಬೈಯಲ್ಲಿ. ಹೆಸರು ಹೇಗೆ ಅಂಟುತ್ತೆ ಅಂತ ಕೇಳಿದ್ದೀರಿ. ಅಂಟಿಸುವ ಕೆಲಸ ನಡೆಯುವ ಜಾಗದಲ್ಲೇ ನಾನು ಕೂತಿದ್ದೆ.

ಇಂಡಿ, ಚಡಚಣ, ಅಫಜಲಪುರ, ಎಲ್ಲ ಕಡೆಯೂ ವರದಿಗಾರರು ಇರುತ್ತಾರೆ. ದಿನಾ ಸುದ್ದಿ ಕಳಿಸುತ್ತಾರೆ. ನಿಂಬೆ ದರ ಕುಸಿತ, ಕಾಲುವೆಗೆ ನೀರು ಬಿಡಿ ಅಂತ ರೈತರ ಧರಣಿ, ಜಾತ್ರೆ, ಶಾಲೆಗೆ ಕೊಠಡಿ ಇಲ್ಲ, ಹೀಗೆ. ಇವೆಲ್ಲ ಹೋಗೋದು ಜಿಲ್ಲಾ ಪುಟಕ್ಕೆ. ಆ ಪುಟ ಆ ಜಿಲ್ಲೆಗೆ ಹೋಗುವ ಪೇಪರಿನಲ್ಲಿ ಮಾತ್ರ ಇರುತ್ತೆ. ದಾವಣಗೆರೆಯವರಿಗೆ ದಾವಣಗೆರೆಯ ಪುಟ, ಮೈಸೂರಿನವರಿಗೆ ಮೈಸೂರಿನದು. ಅದೇ ವರದಿಗಾರ ಒಂದು ಕೊಲೆ ಸುದ್ದಿ ಕಳಿಸಿದರೆ ಅದು ರಾಜ್ಯ ಪುಟಕ್ಕೆ ಬರುತ್ತೆ. ಎಲ್ಲಾ ಜಿಲ್ಲೆಯವರೂ ಓದುತ್ತಾರೆ. ಈಗ ಲೆಕ್ಕ ಹಾಕಿ. ದಾವಣಗೆರೆಯಲ್ಲಿ ಕೂತ ಮನುಷ್ಯ ಇಪ್ಪತ್ತು ವರ್ಷ ಪೇಪರ್ ಓದಿದರೂ ನಿಮ್ಮ ತಾಲೂಕಿನಿಂದ ಅವನಿಗೆ ತಲುಪಿದ್ದು ರಕ್ತದ ಸುದ್ದಿ ಒಂದೇ.

ಎರಡನೆಯದು ಹಿನ್ನೆಲೆ ಪ್ಯಾರಾ. ಇದು ನಮ್ಮ ಕಡೆಯ ಕಳ್ಳದಾರಿ. ರಾತ್ರಿ ಹನ್ನೊಂದಕ್ಕೆ ಸುದ್ದಿ ಬರುತ್ತೆ, ಆರು ಸಾಲು. ಪುಟದಲ್ಲಿ ಜಾಗ ಹದಿನೈದು ಸಾಲಿಗೆ ಇರುತ್ತೆ. ಆಗ ಹಳೇ ಫೈಲ್ ತೆಗೆದು, ಎರಡು ಮನೆತನಗಳ ಹಗೆ, ಹಿಂದೆ ಸತ್ತವರು, ಪಿಸ್ತೂಲಿನ ಕಥೆ, ಎಲ್ಲ ಎತ್ತಿ ಹಾಕೋದು. ಇವತ್ತಿನ ಕೊಲೆ ಬದುವಿನ ಜಗಳಕ್ಕೆ ಅಣ್ಣ-ತಮ್ಮಂದಿರ ನಡುವೆ ಆಗಿದ್ದು. ಆ ಹಗೆಗೂ ಇದಕ್ಕೂ ಸಂಬಂಧವೇ ಇಲ್ಲ. ಓದುವವನಿಗೆ ಅದು ಹೇಗೆ ಗೊತ್ತಾಗಬೇಕು? ಟೀವಿ ಕ್ರೈಂ ಕಾರ್ಯಕ್ರಮ ಬಂದ ಮೇಲೆ ಅದಕ್ಕೆ ಹಿನ್ನೆಲೆ ಸಂಗೀತವೂ ಸೇರಿತು.

ಬೆಂಗಳೂರಿನಲ್ಲಿ ವರ್ಷಕ್ಕೆ ನೂರಕ್ಕೂ ಹೆಚ್ಚು ಕೊಲೆ ಆಗುತ್ತವೆ. ಅದನ್ನು ಯಾರಾದರೂ ‘ವೃಷಭಾವತಿ ತೀರದಲ್ಲಿ’ ಅಂತ ಬರೆದಿದ್ದು ನೋಡಿದ್ದೀರಾ? ಅಲ್ಲಿ ಬಡಾವಣೆ ಹೆಸರು, ಆರೋಪಿಯ ಹೆಸರು, ಅವನ ಅಡ್ಡಹೆಸರು ಸಮೇತ ಬರುತ್ತೆ. ನಿಮ್ಮ ಕಡೆಗೆ ಮಾತ್ರ ಇಡೀ ಹೊಳೆಯೇ ಆರೋಪಿ.

ಬೈನಾದ ಹುಡುಗ (ವಾಸ್ಕೊ, ಗೋವಾ):

ಅಕ್ಕಾ, ನೀವು ಮದುವೆ ವಿಷಯ ಹೇಳಿದ್ದೀರಿ. ನಮ್ಮ ಕಥೆಯನ್ನೂ ಕೇಳಿ.

ನಮ್ಮಪ್ಪ-ಅವ್ವ ಬಾಗಲಕೋಟೆ ಕಡೆಯಿಂದ ಬರಗಾಲದಲ್ಲಿ ವಾಸ್ಕೊಗೆ ಬಂದವರು. ಅಪ್ಪ ಬಂದರಿನಲ್ಲಿ ಹಮಾಲಿ, ಅವ್ವ ಮೀನಿನ ಜೆಟ್ಟಿಯಲ್ಲಿ ಬುಟ್ಟಿ ಹೊರುತ್ತಿದ್ದಳು. ಇದ್ದದ್ದು ಬೈನಾ ಬೀಚಿನ ಪಕ್ಕದ ತಗಡಿನ ಮನೆ. ಹಡಗು ಬರುವ ಊರು, ಹಾಗಾಗಿ ಬೈನಾದಲ್ಲಿ ಮೈ ಮಾರುವ ದಂಧೆಯ ಓಣಿಗಳೂ ಇದ್ದವು. ಇಲ್ಲ ಅನ್ನೋದಿಲ್ಲ. ಆದರೆ ಅದೇ ಬೈನಾದಲ್ಲಿ ಗೌಂಡಿಗಳು, ಮೀನು ದೋಣಿಯವರು, ತರಕಾರಿ ಗಾಡಿಯವರು, ಲಾರಿ ಕ್ಲೀನರ್‌ಗಳೂ ಇದ್ದರು. ಬಹುಪಾಲು ನಮ್ಮ ಉತ್ತರ ಕರ್ನಾಟಕದ ಜನ. ಕೋರ್ಟ್ ಆದೇಶದ ಮೇಲೆ 2004ರ ಮಳೆಗಾಲದಲ್ಲಿ ಆ ಓಣಿಗಳನ್ನು ಬುಲ್ಡೋಜರ್ ತಂದು ಕೆಡವಿದರು. ಓಣಿ ಹೋಯಿತು, ಹೆಸರು ಹೋಗಲಿಲ್ಲ. ನನ್ನ ತಂಗಿ ಇವತ್ತಿಗೂ ಫಾರ್ಮ್‌ನಲ್ಲಿ ‘ಮುರಗಾಂವ್’ ಅಂತ ಬರೀತಾಳೆ, ಬೈನಾ ಅಂತ ಬರೆಯೋದಿಲ್ಲ. ಗೋವಾದವರು ನಮ್ಮನ್ನು ಘಾಟಿ, ಅಂದರೆ ಘಟ್ಟದ ಆಚೆಯವರು, ಅಂತ ಹೀಯಾಳಿಸ್ತಾರೆ. ಓಣಿಯಲ್ಲಿ ಸೈಕಲ್ ಕಳುವಾದರೂ ಮೊದಲು ನಮ್ಮ ಮನೆ ಕಡೆ ನೋಡ್ತಾರೆ.

ಅದು ಹೋಗಲಿ, ಅವರು ಹೊರಗಿನವರು. ನನಗೆ ಸಿಟ್ಟು ಬರೋದು ಊರಿನವರ ಮೇಲೆ. ಅವ್ವ ಜಾತ್ರೆಗೆ ಊರಿಗೆ ಹೋದಾಗ ಕಟ್ಟೆ ಮೇಲೆ ಕೂತವರು ‘ಗೋವಾದಾಗ ಏನ್ ಕೆಲಸ ಬೇ?’ ಅಂತ ಕೇಳಿ ಒಬ್ಬರ ಮುಖ ಒಬ್ಬರು ನೋಡಿ ನಗೋರು. ಅವ್ವನ ನೆತ್ತಿಯ ಮೇಲೆ ಬುಟ್ಟಿ ಕೂತ ಜಾಗದಲ್ಲಿ ಕೂದಲು ಉದುರಿ ರೂಪಾಯಿ ಅಗಲ ಬೋಳಾಗಿದೆ. ಸೆರಗು ಸರಿಸಿ ಅದನ್ನು ತೋರಿಸಬೇಕಿತ್ತು ಅಂತ ನನಗೆ ಅನ್ನಿಸುತ್ತೆ. ಅವ್ವ ಒಮ್ಮೆಯೂ ತೋರಿಸಲಿಲ್ಲ. ಊರಿಗೆ ಹೋಗೋದು ಕಡಿಮೆ ಮಾಡಿದಳು, ಅಷ್ಟೇ.

ಮಾಟುಂಗ ಮಾಮ (ಮುಂಬೈ):

1966ರಲ್ಲಿ ಶಿವಸೇನೆ ಹುಟ್ಟಿದ ಕಾಲದಲ್ಲಿ ‘ಬಜಾವ್ ಪುಂಗಿ, ಹಟಾವ್ ಲುಂಗಿ’ ಅಂತ ಕೂಗಿ ಉಡುಪಿ ಹೋಟೆಲುಗಳಿಗೆ ಕಲ್ಲು ಹೊಡೆದರು. ನಮ್ಮ ತಂದೆಯವರು ಶಟರ್ ಎಳೆದು ಒಳಗೆ ಕೂತಿದ್ದರಂತೆ. ಆಗ ನಾವು ಮರಾಠಿಗರ ಕೆಲಸ ಕಿತ್ತುಕೊಂಡವರು. ಆಮೇಲೆ ಡಾನ್ಸ್ ಬಾರ್‌ಗಳ ಕಾಲ ಬಂತು. 2005ರಲ್ಲಿ ಸರ್ಕಾರ ಅವನ್ನು ನಿಷೇಧಿಸುವ ಹೊತ್ತಿಗೆ ‘ಶೆಟ್ಟಿ’ ಅಂದರೆ ಬಾರ್ ಮಾಲೀಕ ಅಂತಲೇ ಆಗಿತ್ತು. ನಾವು ಇಡ್ಲಿ, ಸಾಂಬಾರ್, ಫಿಲ್ಟರ್ ಕಾಫಿ ಬಿಟ್ಟು ಬೇರೇನೂ ಮಾರಿದವರಲ್ಲ ಮಾರಾಯ್ರೆ. ಬೆಂಕಿ-ಹೊಗೆ ಅಂದವರಿಗೆ ಇಷ್ಟೇ ಹೇಳುವುದು: ಹೌದು, ಹೊಗೆ ಇತ್ತು. ನಮ್ಮ ಹಬೆ ಪಾತ್ರೆಯದ್ದು.

ಬಯೋಡಾಟಾಕ್ಕೆ ಊರು ಸರಿಯಾಗಿಯೇ ಹಾಕಿ ಮಗಾ. ನಿಶ್ಚಯ ಆದ ಮೇಲೆ ಗೊತ್ತಾದರೆ ‘ಯಾಕೆ ಮುಚ್ಚಿಟ್ಟರು’ ಅಂತ ಬೇರೆ ಮಾತು ಬರುತ್ತದೆ. ಹೆಣ್ಣಿನ ಕಡೆಯವರನ್ನು ಮನೆ ನೋಡಲಿಕ್ಕೆ ಊರಿಗೇ ಕರೆಯಿರಿ.

ಚಡಚಣದವಳು:

ಎಲ್ಲರಿಗೂ ಥ್ಯಾಂಕ್ಸ್. ಮಾಮ, ಊರು ಹಾಗೇ ಬಿಡ್ತೇನೆ. ಸೋದರಮಾವನಿಗೂ ಹೇಳಿ ಆಯಿತು, ಮುಖ ಊದಿಸಿಕೊಂಡಿದ್ದಾರೆ.

ನೇರಮಾತು ಅವರೇ, ಪಿಸ್ತೂಲ್ ಸಿಗೋದು ನಿಜ. ಕೊಲೆಗಳೂ ನಿಜ. ಯಾರ ಮನೆಯವರು, ಯಾವ ಜಮೀನಿಗೆ ಹೊಡೆದಾಡಿದರು ಅನ್ನೋದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಬೆರಳಿಟ್ಟು ತೋರಿಸಬಹುದಾದ ಜನ ಅವರು. ನೀವು ಕೇಳಬೇಕಾದ್ದು ‘ನಿಮ್ಮ ಮನೆಯಲ್ಲಿ ಕೇಸ್ ಇದೆಯಾ’ ಅಂತ. ಕೇಳಿ, ಉತ್ತರ ಕೊಡ್ತೇವೆ. ಆದರೆ ನಿಗಡಿಯವರು ಉತ್ತರ ಕೇಳೋಕೂ ಕಾಯಲಿಲ್ಲ.

ಅದೇ ದಂಡೆಯ ಹಲಸಂಗಿಯಲ್ಲಿ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಗೆಳೆಯರ ಜೊತೆ ಕೂಡಿ, ಹೆಂಗಸರು ಬೀಸುತ್ತಾ ಹಾಡುತ್ತಿದ್ದ ತ್ರಿಪದಿಗಳನ್ನು ಮನೆಮನೆಯಿಂದ ಬರೆದುಕೊಂಡರು. ಅದು ಇಡೀ ಕನ್ನಡಕ್ಕೆ ಸಿಕ್ಕ ಆಸ್ತಿ. ದಾವಣಗೆರೆಗೆ ಬೆಣ್ಣೆ ದೋಸೆ ಹೆಸರು ಬಂತು, ಧಾರವಾಡಕ್ಕೆ ಪೇಡೆ. ನಮಗೆ ಹಾಡು ಬರಬೇಕಿತ್ತು, ಪಿಸ್ತೂಲ್ ಬಂತು.

ತಮ್ಮಾ ವಾಸ್ಕೊ, ನಿಮ್ಮವ್ವನ ಮಾತು ಓದಿ ಕಣ್ಣು ತುಂಬಿತು. ಅವರಿಗೆ ನಮಸ್ಕಾರ ಹೇಳು.

ಪುಟ ಕಟ್ಟುವವರಿಗೆ ಒಂದು ಪ್ರಶ್ನೆ: ನಮ್ಮ ಕಡೆ ಎಷ್ಟೋ ಕೇಸಿನಲ್ಲಿ ಆರೋಪಿಗಳು ಖುಲಾಸೆ ಆಗ್ತಾರೆ. ಅದು ಯಾವ ಪುಟದಲ್ಲಿ ಬರುತ್ತೆ?

ಪುಟ ಕಟ್ಟುವವ:

ಜಿಲ್ಲಾ ಪುಟ. ಜಾಹೀರಾತು ಕಡಿಮೆ ಇದ್ದ ದಿನ.