ಪ್ರಾಣಿಯನ್ನು ಹೆಚ್ಚು ತೋರಿಸದೆಯೇ ಹೆದರಿಸುವ ಸಿನಿಮಾ ಇದ್ದರೆ ಹೇಳಿ

ನಿದ್ದೆಗೇಡಿ:
ದೆವ್ವದ ಸಿನಿಮಾ ಹಾಕಿದರೆ ನಾನು ತೂಕಡಿಸುತ್ತೇನೆ. ದೆವ್ವ ಏನು ಬೇಕಾದರೂ ಮಾಡಬಲ್ಲದು, ಹಾಗಾಗಿ ಅದು ಏನು ಮಾಡಿದರೂ ನನಗೆ ಅಷ್ಟಕ್ಕಷ್ಟೇ. ಪ್ರಾಣಿ ಹಾಗಲ್ಲ. ಅದಕ್ಕೆ ಹಸಿವಿದೆ, ಮೈಭಾರವಿದೆ, ಎಲ್ಲಿಂದಲಾದರೂ ನಡೆದೇ ಬರಬೇಕು. ನನಗೆ ಭಯವಿರುವುದು ಅದರದ್ದೇ.

ಮೊನ್ನೆ ರಾತ್ರಿ ಸಿಂಹದ ಸಿನಿಮಾವೊಂದನ್ನು ಹಾಕಿಕೊಂಡು ಕುಳಿತೆ. ಸಿಂಹ ಕಾರಿನ ಬಾನೆಟ್ ಮೇಲೆ ಹಾರಿತು, ಕಾರು ಒಂದಿಷ್ಟೂ ಕುಸಿಯಲಿಲ್ಲ. ಅಷ್ಟು ದೊಡ್ಡ ಪ್ರಾಣಿ ಮೇಲೆ ಬಿದ್ದರೆ ಟೈರಾದರೂ ಅಮುಕಬೇಡವೇ? ಅಲ್ಲಿಗೆ ಭಯ ಇಳಿದುಹೋಯಿತು. ಉಳಿದ ಸಿನಿಮಾವನ್ನು ತಪ್ಪು ಹುಡುಕುತ್ತ ನೋಡಿ ಮುಗಿಸಿದೆ.

ಪ್ರಾಣಿಗೆ ತೂಕವಿರುವ, ಆದರೆ ಎರಡು ನಿಮಿಷಕ್ಕೊಮ್ಮೆ ಅದರ ಬಾಯಿ ತೆರೆದು ತೋರಿಸದ ಚಿತ್ರ ಯಾವುದಿದೆ? ‘ಜಾಸ್’ ನೋಡಿದ್ದೇನೆ, ಅದನ್ನು ಬಿಟ್ಟು ಹೇಳಿ.

ಹಳೆಯ ಪ್ರೇಕ್ಷಕ:
ಬಿಡಿ ಎಂದರೂ ಬಿಡಲಾರೆ. 1975ರ ಆ ಚಿತ್ರಕ್ಕೆಂದು ಮಾಡಿಸಿದ ಯಂತ್ರದ ಶಾರ್ಕ್ ಸಮುದ್ರದ ಉಪ್ಪುನೀರಿಗಿಳಿದರೆ ಕೆಟ್ಟು ಕೂರುತ್ತಿತ್ತು. ನಿರ್ದೇಶಕ ಸ್ಪೀಲ್‌ಬರ್ಗ್ ವಿಧಿಯಿಲ್ಲದೆ ಶಾರ್ಕನ್ನು ನೀರಿನಡಿಯಲ್ಲೇ ಬಿಟ್ಟು, ಮೇಲೆ ಅದಕ್ಕೆ ಕಟ್ಟಿದ ಹಳದಿ ಪೀಪಾಯಿಗಳನ್ನು ತೇಲಿಸಿದರು. ಆ ಪೀಪಾಯಿ ನೀರು ಸೀಳುತ್ತ ದೋಣಿಯ ಕಡೆಗೆ ಬರುವುದನ್ನು ಇನ್ನೊಮ್ಮೆ ನೋಡಿ. ನೀವು ಕೇಳುತ್ತಿರುವ ತೂಕ ಅದರಲ್ಲಿದೆ, ಹಲ್ಲು ತೋರಿಸುವ ಅಗತ್ಯವೇ ಬೀಳುವುದಿಲ್ಲ.

ಇನ್ನು ನಿಮ್ಮ ಪ್ರಶ್ನೆಗೆ ಉತ್ತರ: ‘ಬ್ಲ್ಯಾಕ್ ವಾಟರ್’, 2007, ಆಸ್ಟ್ರೇಲಿಯಾದ್ದು. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಮೊಸಳೆಯೊಂದು ದೋಣಿಯನ್ನು ಮಗುಚುತ್ತದೆ, ಬದುಕಿದ ಮೂವರು ಮರ ಹತ್ತುತ್ತಾರೆ. ಕಥೆ ಅಷ್ಟೇ. ಚಿತ್ರಕ್ಕಾಗಿ ನಿಜವಾದ ಮೊಸಳೆಗಳನ್ನೇ ಚಿತ್ರೀಕರಿಸಿ ದೃಶ್ಯಗಳೊಳಗೆ ಕೂಡಿಸಿದ್ದಾರೆ. ಮಗುಚಿದ ದೋಣಿ ಕಣ್ಣಳತೆಯಲ್ಲೇ ಇದೆ, ನೀರು ಮಿಸುಕುವುದಿಲ್ಲ. ಇಳಿಯಬೇಕೋ ಬೇಡವೋ ಎಂದು ನೀವೂ ಅವರ ಜೊತೆ ಲೆಕ್ಕ ಹಾಕುತ್ತ ಕೂರುತ್ತೀರಿ.

ಕಾಡುಪಾಪ:
ತೂಕ ಕೇಳುವವರು ತೋಳದ ಸಿನಿಮಾಗಳ ಹತ್ತಿರ ಸುಳಿಯದಿರುವುದು ಒಳ್ಳೆಯದು. 2011ರ ‘ದಿ ಗ್ರೇ’ಯನ್ನು ಬಹಳ ಮಂದಿ ಹೊಗಳುತ್ತಾರೆ. ಹಿಮ, ಗಾಳಿ, ಲಿಯಾಮ್ ನೀಸನ್ ಮುಖ ಎಲ್ಲ ಸರಿ. ತೋಳಗಳು ಮಾತ್ರ ಹಗೆ ತೀರಿಸಿಕೊಳ್ಳಲು ಬಂದ ದಾಯಾದಿಗಳಂತಿವೆ. ನಿಜವಾದ ತೋಳ ಸಾಮಾನ್ಯವಾಗಿ ಮನುಷ್ಯನ ವಾಸನೆ ಬಂದರೆ ಸರಿದುಹೋಗುವ ಪ್ರಾಣಿ.

1996ರ ‘ದಿ ಘೋಸ್ಟ್ ಅಂಡ್ ದಿ ಡಾರ್ಕ್‌ನೆಸ್’ನಲ್ಲೂ ಒಂದು ಕಿರಿಕಿರಿಯಿದೆ. 1898ರಲ್ಲಿ ಕೀನ್ಯಾದ ತ್ಸಾವೋದಲ್ಲಿ ರೈಲುಸೇತುವೆಯ ಕೂಲಿಗಳನ್ನು ಕೊಂದ ಆ ಎರಡೂ ಗಂಡು ಸಿಂಹಗಳಿಗೆ ಕೇಸರ ಇರಲಿಲ್ಲ. ಷಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿ ಅವುಗಳನ್ನು ಈಗಲೂ ನೋಡಬಹುದು. ಚಿತ್ರದಲ್ಲಿ ಸೊಂಪಾದ ಕೇಸರ! ಆದರೂ ಎತ್ತರದ ಹುಲ್ಲು ಅಲುಗುವ ದೃಶ್ಯಗಳಿಗಾಗಿ ನಾನು ಅದನ್ನು ಕ್ಷಮಿಸಿದ್ದೇನೆ.

ಅರ್ಧಕ್ಕೆ ನಿಲ್ಲಿಸಿದವನು:
‘ಬ್ಯಾಕ್‌ಕಂಟ್ರಿ’, 2014, ಕೆನಡಾ. ನಕ್ಷೆ ಯಾಕೆ, ದಾರಿ ನನಗೆ ಗೊತ್ತು ಎನ್ನುವ ಗಂಡಸು. ಅವನನ್ನು ನಂಬಿ ಹೊರಟ ಹೆಣ್ಣು. ಒಂದು ಕಪ್ಪು ಕರಡಿ. ಡೇರೆಯ ಬಟ್ಟೆಯಾಚೆ ಏನೋ ಮೂಸುವ ಸದ್ದು ಕೇಳುತ್ತದೆ. ಹೆಡ್‌ಫೋನ್ ಹಾಕಿಕೊಂಡಿದ್ದೆ. ಅಲ್ಲೇ ನಿಲ್ಲಿಸಿ ದೀಪ ಹಾಕಿದೆ. ಮುಂದಿನದನ್ನು ಮರುದಿನ ಮಧ್ಯಾಹ್ನ ನೋಡಿದೆ, ಕಿಟಕಿ ತೆರೆದಿಟ್ಟು.

ನಿದ್ದೆಗೇಡಿ:
ಎರಡನ್ನೂ ನೋಡಿದೆ. ಮೊಸಳೆಯದರಲ್ಲಿ ನಾನು ತಪ್ಪು ಹುಡುಕಲು ಮರೆತೇಬಿಟ್ಟಿದ್ದೆ, ಕಾಲನ್ನು ಕುರ್ಚಿಯ ಮೇಲೆ ಎತ್ತಿಟ್ಟುಕೊಂಡದ್ದು ಮುಗಿದ ಮೇಲೆ ಗಮನಕ್ಕೆ ಬಂತು. ಕರಡಿಯ ವಿಷಯ ಮಾತನಾಡಲಾರೆ. ಮುಂದಿನ ತಿಂಗಳು ಗೆಳೆಯರೊಡನೆ ಚಾರಣಕ್ಕೆ ಹೊರಟಿದ್ದೇನೆ, ಡೇರೆಯಲ್ಲಿ ಮಲಗುವುದಂತೆ. ಹೋಗುತ್ತೇನೆ. ನಕ್ಷೆ ನನ್ನ ಚೀಲದಲ್ಲಿರುತ್ತದೆ, ಮಲಗುವ ಜಾಗ ಮಧ್ಯದ್ದು.